ಖಾಲಾ ಎಬ್ಬಿಸುತ್ತಿದ್ದ ಹೊಗೆ

ಬಿಸಿನೀರಿನಲ್ಲಿ ಬೆಂದು ಬೆಂದು ಖಾಲಾ ಅವರ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿದ್ದವು. ಹೆಬ್ಬೆಟ್ಟು ಒತ್ತಿದರೆ ಕಾಗದದ ಮೇಲೆ ಬರೀ ಮಸಿಯ ಮುದ್ದೆ ಮೂಡುತ್ತಿತ್ತು. ಶಿಡ್ಲಘಟ್ಟದಲ್ಲಿ ನಮ್ಮ ಮನೆಯ ಗೋಡೆಗೆ ತಾಗಿಕೊಂಡಿದ್ದ ಮನೆ ಅವರದು. ಗಂಡ ತೀರಿಕೊಂಡ ಮೇಲೆ ರೇಷ್ಮೆ ನೂಲು ಬಿಚ್ಚುವ ಕೆಲಸವನ್ನು ಅವರೇ ನಡೆಸಿದರು. ಉರ್ದುವಿನಲ್ಲಿ ಖಾಲಾ ಅಂದರೆ ಚಿಕ್ಕಮ್ಮ. ನನ್ನ ಸ್ವಂತ ಚಿಕ್ಕಮ್ಮಂದಿರಿಗಿಂತ ಹೆಚ್ಚು ಬೈದವರೂ ಹೆಚ್ಚು ಉಣಿಸಿದವರೂ ಅವರೇ.

ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಸಿಕ್ಕಿದ ದಿನ ಅದನ್ನು ಬೇಯಿಸಿ ನೂಲು ಬಿಚ್ಚುವ ಮನೆಗಳಲ್ಲಿ ಒಲೆ ಉರಿಯುತ್ತಿತ್ತು, ಸಿಗದ ದಿನ ಇಲ್ಲ. ಹಳ್ಳಿಗಳಿಂದ ಬಂದು ಬಸ್ಸಿಳಿದ ಹೆಂಗಸರು ಬೀದಿಯ ತಿರುವಿನಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದರು. ಹೊಗೆ ಎದ್ದ ಮನೆಯಲ್ಲಿ ಅವತ್ತು ಕೆಲಸ. ಕೇಳುವುದು, ಹೇಳುವುದು ಏನೂ ಇರಲಿಲ್ಲ.

ಎರಡು ಸಾವಿರದ ಇಸವಿಯ ಆಚೆಗಿನ ವರ್ಷಗಳವು. ಖಾಲಾ ಅವರ ಕೆಮ್ಮು ಗೋಡೆ ದಾಟಿ ನಮ್ಮ ನಿದ್ದೆ ಕೆಡಿಸುತ್ತಿತ್ತು. ಇನ್ನು ಹೊಗೆ ಕುಡಿದರೆ ಉಳಿಯುವುದಿಲ್ಲ ಎಂದು ಚಿಕ್ಕಬಳ್ಳಾಪುರದ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಆಗಷ್ಟೇ ಸೌದೆ ಉಳಿಸುವ, ಹೊಗೆಯೇ ಕಾಣದ ಹೊಸ ಒಲೆಗಳು ಬಂದಿದ್ದವು. ನಾನು ಚಿಂತಾಮಣಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವಳು, ಸುಮ್ಮನಿರುತ್ತೇನೆಯೇ? ಬೆನ್ನು ಬಿದ್ದು ಒಪ್ಪಿಸಿದೆ. ಒಲೆ ಬಂತು, ಕೆಮ್ಮು ಇಳಿಯಿತು. ಖಾಲಾ ನಿಲ್ಲದೆ ಮಹಡಿ ಹತ್ತುವುದನ್ನು ನೋಡಿ ನನಗೆ ಹಿಗ್ಗೋ ಹಿಗ್ಗು.

ಒಂದು ಬೆಳಿಗ್ಗೆ ನೋಡಿದರೆ ಮತ್ತೆ ಅವರ ಹಿತ್ತಲಲ್ಲಿ ಹೊಗೆ. ಓಡಿದೆ. ಖಾಲಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಳೆಯ ಒಲೆಗೆ ಹಸಿ ಹಿಪ್ಪುನೇರಳೆ ಕಡ್ಡಿ ತುರುಕುತ್ತಿದ್ದರು. ಮೇಲೆ ಪಾತ್ರೆಯೇ ಇರಲಿಲ್ಲ. ಸಿಟ್ಟು ಬಂದು ಬಾಯಿಗೆ ಬಂದಂತೆ ಅಂದುಬಿಟ್ಟೆ.

"ನಿನ್ ಒಲೆ ಒಳ್ಳೇದೇ ಬೇಟಿ. ಆದ್ರೆ ಅದು ಯಾರ್ನೂ ಕರಿಯಲ್ವಲ್ಲ," ಅಂದರು.

ಹೊಗೆ ಕಾಣದೆ ಹೆಂಗಸರು ಬೇರೆ ಮನೆಗಳಿಗೆ ಹೋಗತೊಡಗಿದ್ದರಂತೆ. ಖಾಲಾ ಮನೆಯಲ್ಲಿ ಗೂಡಿಲ್ಲ ಎಂದು ಹೇಳಿ ತಿರುವಿನಲ್ಲೇ ಅವರನ್ನು ಕರೆದೊಯ್ಯುವವರಿಗೂ ಬರವಿರಲಿಲ್ಲ. ಹಾಗಾದರೆ ಈ ಹಳೆಯ ಒಲೆಯನ್ನು ಬೇರೆ ಯಾರಾದರೂ ಹಚ್ಚಲಿ ಅಂದೆ. ಅವರ ಎದೆ ಎದೆಯಲ್ಲವೇನು ಎಂದು ಕೇಳಿದರು. ಅಂದಿನಿಂದ ಗೂಡು ಸಿಕ್ಕಿದ ದಿನವೆಲ್ಲ ಬೆಳಿಗ್ಗೆ ಬರೀ ಕರೆಯುವುದಕ್ಕೆಂದು ಆ ಒಲೆ ಹಚ್ಚಿದರು. ಕೆಮ್ಮು ಗೋಡೆ ದಾಟಿ ಮರಳಿ ಬಂತು.

ಒಂದು ದೇಶ ತನ್ನ ಸಂಪಾದನೆಗಾಗಿ ಎಷ್ಟು ಇಂಗಾಲ ಸುಡುತ್ತದೆ ಎಂಬ ಪಾಠ ನಮ್ಮ ತರಗತಿಯಲ್ಲಿದೆ. ಹಣ, ಓದು, ಹೊಸ ಯಂತ್ರ ಬಂದಂತೆ ಸುಡುವುದು ಕಡಿಮೆಯಾಗುತ್ತದೆ ಎನ್ನುತ್ತದೆ ಪುಸ್ತಕ. ಸುಳ್ಳೇನಲ್ಲ. ಆದರೆ ಅಲ್ಲಿಗೆ ಬಂದಾಗಲೆಲ್ಲ ಕೊನೆಯ ಬೆಂಚಿನಲ್ಲಿ ಯಾರೋ ಕೆಮ್ಮಿದ ಹಾಗಾಗಿ ನನ್ನ ಮಾತು ನಿಲ್ಲುತ್ತದೆ. ನಾನು ನೋಡಿದ ಕಡೆ ಮಕ್ಕಳೂ ಹಿಂತಿರುಗಿ ನೋಡುತ್ತಾರೆ, ಅಲ್ಲಿ ಯಾರೂ ಇರುವುದಿಲ್ಲ. ನನಗೆ ನಿಜಕ್ಕೂ ಭಯವಾಗುತ್ತದೆ.

ಚಳಿಗಾಲದ ಒಂದು ಬೆಳಗಿನ ಜಾವ ಖಾಲಾ ಹೋದರು. ಮಯ್ಯತ್ತಿಗೆ ಮಾಡಿಸುವ ಕೊನೆಯ ಸ್ನಾನಕ್ಕೆ ನೀರು ಕಾಯಬೇಕಿತ್ತು. ಹೊಸ ಒಲೆಯ ಮೇಲೆ ದೊಡ್ಡ ಹಂಡೆ ಕೂರಲಿಲ್ಲ, ನೆಂಟರು ಹಳೆಯದನ್ನೇ ಹಚ್ಚಿದರು. ನಾನು ಅವರ ಬಾಗಿಲಲ್ಲಿ ನಿಂತಿದ್ದೆ. ಮಂಜಿನೊಳಗಿಂದ ಊಟದ ಡಬ್ಬಿ ಹಿಡಿದ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು.

"ಖಾಲಾ ಇವತ್ತು ಬೇಗ್ನೇ ಕರ್ದವ್ರೆ," ಅಂದಳು ಮುಂದಿದ್ದವಳು, ನಗುತ್ತ.

ಒಳಗೆ ಓಡಿ ಒಲೆ ಆರಿಸಿಬಿಡಬೇಕು ಅನ್ನಿಸಿತು. ಆರಿಸುವಂತಿರಲಿಲ್ಲ. ನೀರು ಇನ್ನೂ ಕಾದಿರಲಿಲ್ಲ.