ಕನ್ವರ್ಟರ್ ಬಿಚ್ಚಿಕೊಂಡು ಬಂದ ದಿನ

ನಾನು ಆರು ವರ್ಷ ಓಡಿಸಿದ ಲಾರಿ ನನ್ನದಾಗಿರಲಿಲ್ಲ. ಇಷ್ಟು ತಿಳಿದುಕೊಳ್ಳಲು ನನಗೆ ಆರು ವರ್ಷವೇ ಹಿಡಿಯಿತು. ಕಾಗದಪತ್ರದಲ್ಲಿ ಉದಗೀರದ ಸಾವಕಾರರ ಹೆಸರಿತ್ತು, ಹಿಂದಿನ ಹಲಗೆಯ ಮೇಲೆ ಅವರ ಮೊಮ್ಮಕ್ಕಳ ಹೆಸರುಗಳಿದ್ದವು, ನಾನೇ ದಿನಾ ಅದರ ಮೇಲಿನ ಧೂಳು ಒರೆಸುತ್ತಿದ್ದೆ. ಆದರೆ ನಮ್ಮ ಡ್ರೈವರುಗಳಲ್ಲಿ ಒಂದು ರೂಢಿಯಿದೆ. ಗಾಡಿ ಮಾಲಕರದು, ಕ್ಯಾಬಿನ್ ಒಳಗಿನದೆಲ್ಲ ಡ್ರೈವರನದು. ಪರದೆ, ಗೊಂಡೆ, ದೇವರ ಪಟ, ಹಾಡಿನ ಡೆಕ್ಕು, ಎಲ್ಲವನ್ನೂ ಅವನೇ ತಂದು ಹಾಕಿಕೊಳ್ಳುತ್ತಾನೆ. ಮಾಲಕರು ನೋಡಿ ನಗುತ್ತಾರೆ, ಏನೂ ಅನ್ನುವುದಿಲ್ಲ. ಏನೂ ಅನ್ನಲಿಲ್ಲವಲ್ಲ, ಹಾಗಾದರೆ ಒಪ್ಪಿದ್ದಾರೆ ಎಂದುಕೊಂಡು ನಾವು ಹಿಗ್ಗುತ್ತೇವೆ.

ಉದಗೀರದಲ್ಲಿ ಸಾವಕಾರರ ಅಡತಿ ಅಂಗಡಿಯಿಂದ ತೊಗರಿ, ಸೋಯಾಬೀನು ತುಂಬಿಕೊಂಡು ನಿಲಂಗಾ ದಾಟಿ ಉಮರಗಾಕ್ಕೆ ಬರುವುದು, ಅಲ್ಲಿ ಹೆದ್ದಾರಿ ಹಿಡಿದು ಸೊಲ್ಲಾಪುರಕ್ಕೆ ಹೋಗುವುದು, ಬರುವಾಗ ಏನು ಸಿಕ್ಕರೆ ಅದನ್ನು ಹೇರಿಕೊಂಡು ಬರುವುದು. ತಿಂಗಳಲ್ಲಿ ಇಪ್ಪತ್ತು ದಿನ ಹೀಗೇ. ನನ್ನ ಮನೆ ತುರೋರಿಯಲ್ಲಿ, ಹೆದ್ದಾರಿಯ ಮಗ್ಗುಲಿಗೇ. ಹೋಗುವಾಗ ಐದು ನಿಮಿಷ ನಿಲ್ಲಿಸಿ ಬುತ್ತಿ ಇಸಿದುಕೊಂಡರೆ ನನ್ನ ಹೆಂಡತಿ, "ಹೋಗ್ರಿ, ನಿಮ್ಮ ದೊಡ್ಡ ಮನಿ ದಾರಿ ಕಾಯ್ಲತ್ತದ" ಎಂದು ಚುಚ್ಚುತ್ತಿದ್ದಳು. ನನಗೆ ಆ ಮಾತು ಹಿತವಾಗಿಯೇ ಇರುತ್ತಿತ್ತು.

ಆ ದೊಡ್ಡ ಮನೆಗೆ, ಅಂದರೆ ಲಾರಿಗೆ, ಆಂಪ್ಲಿಫೈಯರ್, ನಾಲ್ಕು ಸ್ಪೀಕರು, ಒಂದು ವೂಫರ್ ಕೂರಿಸಬೇಕೆಂದು ನನಗೆ ಹುಚ್ಚು ಹತ್ತಿತು. ನಿದ್ದೆ ಬರಬಾರದೆಂದು ಎಲ್ಲರಿಗೂ ಹೇಳಿದೆ. ಸುಳ್ಳು. ನನಗೆ ಒಳ್ಳೆಯ ಆವಾಜ್ ಕೇಳುವ ಆಸೆ, ಅಷ್ಟೇ. ಲೋಡು ಸಿಗದೆ ಗಾಡಿ ನಿಂತ ಎರಡು ದಿನ ಮನೆ ಮುಂದೆಯೇ ನಿಲ್ಲಿಸಿಕೊಂಡು ಒಬ್ಬನೇ ಕೂರಿಸಿದೆ. ಬಾಗಿಲ ಒಳಹಲಗೆಯನ್ನು ಬಟ್ಟಲು ಬೋರಲು ಹಾಕಿ ಗುರುತು ಮಾಡಿ ಕೊಯ್ದೆ. ಒಂದು ಸಣ್ಣ ಸೆಲ್ ಹಚ್ಚಿ ಪ್ರತಿ ಸ್ಪೀಕರಿನ ಕಾಗದದ ಪರದೆ ಹೊರಗೆ ಬರುತ್ತದೋ ಒಳಗೆ ಹೋಗುತ್ತದೋ ನೋಡಿ ಪ್ಲಸ್ಸು ಮೈನಸ್ಸು ಗುರುತಿಸಿದೆ. ಒಂದು ತಿರುಗುಮುರುಗಾದರೂ ದಪ್ಪ ಆವಾಜು ಸತ್ತುಹೋಗುತ್ತದೆ. ಎಲ್ಲ ಮುಗಿಸಿ ಹಚ್ಚಿದರೆ ಎಂಜಿನ್ ಏರಿದಂತೆಲ್ಲ ಸ್ಪೀಕರಿನಲ್ಲೂ ಕುಂಯ್ ಎಂಬ ಸದ್ದು ಏರುತ್ತಿತ್ತು. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ, ಅರ್ಥಿಂಗಿನ ಜಾಗದಲ್ಲಿ ಬಣ್ಣ ಪೂರ್ತಿ ಕೆರೆದಿಲ್ಲವೆಂದು ಗೊತ್ತಾಯಿತು. ಬೆಳ್ಳಗೆ ಕಬ್ಬಿಣ ಕಾಣುವ ತನಕ ಕೆರೆದು ಬೋಲ್ಟು ಬಿಗಿದೆ. ಸದ್ದು ಹೋಯಿತು. ಆವತ್ತು ನನಗಾದ ಖುಷಿಯನ್ನು ಹೆಂಡತಿಗೂ ಹೇಳಲಿಲ್ಲ, ಹೇಳಿದ್ದರೆ ಇನ್ನಷ್ಟು ಚುಚ್ಚುತ್ತಿದ್ದಳು.

ಒಂದು ವಿಷಯದಲ್ಲಿ ಮಾತ್ರ ನಾನು ಬೇರೆಯವರಂತೆ ಮಾಡಲಿಲ್ಲ. ಲಾರಿಯಲ್ಲಿ ಹನ್ನೆರಡು ವೋಲ್ಟಿನ ಎರಡು ಬ್ಯಾಟರಿ, ಕೂಡಿ ಇಪ್ಪತ್ನಾಲ್ಕು. ಆಂಪ್ಲಿಫೈಯರಿಗೆ ಬೇಕಾದದ್ದು ಹನ್ನೆರಡು. ನಮ್ಮ ಕಡೆ ಬಹಳ ಜನ ಒಂದೇ ಬ್ಯಾಟರಿಯಿಂದ ತಂತಿ ಎಳೆದು ಕೈ ತೊಳೆದುಕೊಳ್ಳುತ್ತಾರೆ. ಹಾಡು ಚೆನ್ನಾಗೇ ಬರುತ್ತದೆ. ಆದರೆ ಆ ಬ್ಯಾಟರಿ ದುಡಿದು ದುಡಿದು ಸೊರಗುತ್ತದೆ, ಇನ್ನೊಂದು ಚಾರ್ಜು ಹೆಚ್ಚಾಗಿ ಕುದಿಯುತ್ತದೆ. ನಾಲ್ಕೈದು ತಿಂಗಳಲ್ಲಿ ಎರಡೂ ಕೈ ಕೊಡುತ್ತವೆ. ಹಾಗಾಗಬಾರದೆಂದು ನಡುವೆ ಕನ್ವರ್ಟರ್ ಹಾಕಬೇಕು, ಎರಡೂ ಬ್ಯಾಟರಿಯಿಂದ ಸಮನಾಗಿ ಎಳೆದು ಹನ್ನೆರಡಕ್ಕೆ ಇಳಿಸುವ, ಬುತ್ತಿ ಡಬ್ಬಿಯಷ್ಟು ಒಂದು ಪೆಟ್ಟಿಗೆ. ನಾನು ಹಾಕಿದ್ದೆ. ಸಾವಕಾರರ ಬ್ಯಾಟರಿ ಹಾಳಾಗಬಾರದೆಂದು ಹಾಕಿದ್ದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ನಗು ಬರುತ್ತದೆ.

ಗಾಡಿ ಮಾರಿದ ಸುದ್ದಿ ನನಗೆ ಹೇಳಿದವರು ಅಡತಿಯ ಹಮಾಲರು. ಹಿಂದಿನ ದಿನ ಉಮರಗಾದ ಗಿರಾಕಿ ಬಂದು, ನೋಡಿ, ಮಾತು ಮುಗಿಸಿ ಹೋಗಿದ್ದ. ನಾನು ಪಾನಾ, ಸ್ಕ್ರೂಡ್ರೈವರ್ ತೆಗೆದುಕೊಂಡು ಕ್ಯಾಬಿನ್ ಹತ್ತಿ ನನ್ನ ಸ್ಪೀಕರು ಬಿಚ್ಚತೊಡಗಿದೆ. ಎರಡು ಬಿಚ್ಚುವಷ್ಟರಲ್ಲಿ ಸಾವಕಾರರು ಬಂದು ಕೆಳಗೆ ನಿಂತರು.

"ಏನ್ ಬಿಚ್ಲತ್ತಿ ತಮ್ಮಾ?"

"ನಂದು ಡೆಕ್ ರೀ ಸಾವ್ಕಾರ್ರ."

"ಗಿರಾಕಿ ಅದರ ಆವಾಜ್ ಕೇಳೇ ಹೂಂ ಅಂದಾನ. ಎಲ್ಲಾ ಇದ್ದಂಗ ಹಾಕಿಬಿಡು."

"ನನ್ನ ರೊಕ್ಕದಾಗ ತಂದು, ನನ್ನ ಕೈಲೇ ಹಾಕೀನಿ ರೀ."

"ಗಾಡಿ ಯಾರ್ದು?" ಎಂದರು. ಕೂಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಹೊಲ ಯಾವ ಕಡೆ ಎಂದು ಕೇಳುವ ದನಿಯಲ್ಲೇ ಕೇಳಿದರು. "ನಿನಗ ಬ್ಯಾರೆ ಗಾಡಿ ಕೊಡವನೇ ಇದ್ದೀನಿ. ಮನಸಿಗಿ ಹಚ್ಕೋಬ್ಯಾಡ."

ಬೇರೆ ಗಾಡಿ ಎಂದರೆ ಕೆಲಸ. ನನಗೆ ಕೆಲಸ ಬೇಕಿತ್ತು. ಬಿಚ್ಚಿದ ಸ್ಪೀಕರನ್ನು ನಾನೇ ಮತ್ತೆ ಕೂರಿಸಿದೆ, ಅವರು ನೋಡುತ್ತ ನಿಂತಿದ್ದರು. ಕೆಲಸ ಮುಗಿದ ಮೇಲೆ, "ಹಚ್ಚು, ಕೇಳೋಣ" ಎಂದರು. ಹಚ್ಚಿದೆ. ತಲೆದೂಗಿದರು.

ಅವರು ಅಂಗಡಿಗೆ ಹೋದರು. ನಾನು ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದೆ. ಕನ್ವರ್ಟರ್ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡು, ಆಂಪ್ಲಿಫೈಯರಿನ ತಂತಿಯನ್ನು ನೇರ ಒಂದೇ ಬ್ಯಾಟರಿಗೆ ಜೋಡಿಸಿದೆ. ಹತ್ತು ನಿಮಿಷದ ಕೆಲಸ. ಆವಾಜಿನಲ್ಲಿ ಕೂದಲೆಳೆಯಷ್ಟೂ ಫರಕು ಇರಲಿಲ್ಲ. ಬ್ಯಾಟರಿ ಹೋದ ದಿನ ಗಿರಾಕಿ ಬಂದು ಸಾವಕಾರರ ಕೊರಳುಪಟ್ಟಿ ಹಿಡಿಯಲಿ ಎಂದುಕೊಂಡೆ. ಎಂಥ ತಿಳಿಗೇಡಿ ಲೆಕ್ಕ. ಐದು ತಿಂಗಳ ಹಿಂದೆ ಮಾರಿದ ಹಳೇ ಗಾಡಿಯ ಬ್ಯಾಟರಿಗೆ ಯಾರು ಯಾರ ಕೊರಳುಪಟ್ಟಿ ಹಿಡಿಯುತ್ತಾರೆ?

ಮರುದಿನ ಗಾಡಿ ಒಯ್ಯಲು ಗಿರಾಕಿಯ ಡ್ರೈವರ್ ಬಂದ. ನನ್ನದೇ ವಯಸ್ಸಿನವ, ಬಸವಕಲ್ಯಾಣದ ಕಡೆಯವ, ಹೆಂಡತಿಯ ಊರು ಉಮರಗಾದ ಹತ್ತಿರವೆಂದು ಅಲ್ಲೇ ನೆಲೆಸಿದ್ದ. ಮರಾಠಿ ಸೀಮೆಯ ಉದಗೀರದಲ್ಲಿ ಕನ್ನಡದವನು ಸಿಕ್ಕನೆಂದು ಅವನಿಗೆ ಭಾಳ ಸಂತೋಷ. ಚಪ್ಪಲಿ ಕೆಳಗೆ ಬಿಟ್ಟು ಕ್ಯಾಬಿನ್ ಹತ್ತಿದ. ಪಟಕ್ಕೆ ಕೈಮುಗಿದ. ಯಾವ ಗುಂಡಿ ಯಾವುದಕ್ಕೆಂದು ಒಂದೊಂದೇ ಕೇಳಿದ. ಕೊನೆಗೆ ಕೇಳಿದ:

"ಅಣ್ಣಾ, ಇಷ್ಟು ದೊಡ್ಡ ಆವಾಜ್‌ಗಿ ಬ್ಯಾಟ್ರಿಗಿ ಏನರ ಆಗ್ತದೇನ್ರೀ?"

ಅವನು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದ. ಕನ್ವರ್ಟರ್ ನನ್ನ ಕೈಚೀಲದಲ್ಲೇ ಇತ್ತು.

"ಏನೂ ಆಗಲ್ಲ, ಬೇಕಾದಷ್ಟು ಹಚ್ಚು" ಎಂದೆ.

ನನಗೆ ಚಹಾ ಕುಡಿಸಿ ಅವನು ಗಾಡಿ ತೆಗೆದುಕೊಂಡು ಹೋದ. ಕನ್ವರ್ಟರನ್ನು ನಾನು ಮನೆಯ ಗೋಡೆಯ ಮಾಡದಲ್ಲಿ ಇಟ್ಟೆ. ಇದೇನೆಂದು ಹೆಂಡತಿ ಕೇಳಿದಾಗ ಗಾಡಿಯ ಸಾಮಾನು ಎಂದೆ. ಸಾವಕಾರರು ಕೊಟ್ಟ ಬೇರೆ ಗಾಡಿಯಲ್ಲಿ ನಾನು ಏನೂ ಕೂರಿಸಲಿಲ್ಲ, ಒಂದು ಪರದೆಯನ್ನೂ ಕಟ್ಟಲಿಲ್ಲ.

ಏಳೆಂಟು ತಿಂಗಳಾದ ಮೇಲೆ ಯೆಣೆಗೂರಿನ ಧಾಬಾದಲ್ಲಿ ಊಟಕ್ಕೆ ನಿಲ್ಲಿಸಿದ್ದೆ. "ಅಣ್ಣಾ" ಎಂದು ಯಾರೋ ಕರೆದರು. ಬಸವಕಲ್ಯಾಣದ ಆ ಡ್ರೈವರನೇ. ಕೈಯಲ್ಲಿ ಸಲಿಕೆ, ಮೈಯೆಲ್ಲ ಕೆಂಪು ಧೂಳು. ಲಾರಿ ಎಲ್ಲಿ ಎಂದು ಕೇಳಿದೆ. ಕೆಲಸ ಬಿಡಿಸಿದರು ಎಂದ. ತೊಗರಿ ಹೇರಿಕೊಂಡು ಹೋಗುವಾಗ ತುರೋರಿಯ ಹತ್ತಿರವೇ ಗಾಡಿ ನಿಂತು, ಎರಡೂ ಬ್ಯಾಟರಿ ಸತ್ತು, ಮೇಲೆ ಮಳೆ ಬಂದು ಮಾಲು ತೊಯ್ದಿತಂತೆ. ಹಾಡು ಹಚ್ಚಿ ಹಚ್ಚಿ ಬ್ಯಾಟರಿ ಸುಟ್ಟೆ ಎಂದು ಮಾಲಕ ಅಲ್ಲೇ ರಸ್ತೆಯ ಮೇಲೆ ಕೀಲಿಕೈ ಕಸಿದುಕೊಂಡನಂತೆ. ಮಾಲಕರು ಒಬ್ಬರಿಗೊಬ್ಬರು ಫೋನು ಮಾಡುತ್ತಾರಲ್ಲ, ಆಮೇಲೆ ಉಮರಗಾದಲ್ಲಿ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಈಗ ಆ ಧಾಬಾದ ಹಿಂದಿನ ಇಟ್ಟಂಗಿ ಭಟ್ಟಿಯಲ್ಲಿ ಮಣ್ಣು ತುಂಬುತ್ತಿದ್ದ.

ನಾನು ಕೈಯಲ್ಲಿದ್ದ ರೊಟ್ಟಿ ತಾಟಿನಲ್ಲಿಟ್ಟೆ. ಹೇಳಿಬಿಡಬೇಕೆಂದು ಬಾಯಿ ತೆರೆದದ್ದೂ ಖರೆ. ಅಷ್ಟರಲ್ಲಿ ಅವನೇ ಹೇಳಿದ.

"ನಂದೇ ತಪ್ಪು ಅಣ್ಣಾ. ನೀವು ಅಷ್ಟು ಛಂದ ಫಿಟ್ ಮಾಡಿ ಕೊಟ್ಟಿದ್ರಿ. ನನಗ ಸಂಭಾಳಸ್ಲಾಕ ಬರ್ಲಿಲ್ಲ."

ಅವನ ಮುಖದಲ್ಲಿ ನನ್ನ ಮೇಲೆ ಒಂದಿಷ್ಟೂ ಅನುಮಾನವಿರಲಿಲ್ಲ. ಅದನ್ನು ನೋಡಿ ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಸಮಾಧಾನ.

"ಆವಾಜ್ ಒಂದೀಟು ಕಮ್ಮಿ ಇಡಬೇಕಿತ್ತಪಾ" ಎಂದೆ.

"ಖರೆ ಅದ ರೀ ಅಣ್ಣಾ" ಎಂದು ಅವನು ತಲೆ ತಗ್ಗಿಸಿದ.