ಸಾಹೇಬರು ಬೈದ ದಿನ

2012ರಲ್ಲಿ ನಾನು ಕೊಪ್ಪಳದ ತರಬೇತಿ ಕೇಂದ್ರವೊಂದರಲ್ಲಿ ಅಂಗವಿಕಲರಿಗೆ ಕಂಪ್ಯೂಟರ್ ಕಲಿಸುತ್ತಿದ್ದೆ. ಕುಷ್ಟಗಿ ಕಡೆಯ ಸರ್ಕಾರಿ ಕಚೇರಿಯೊಂದರ ಗುಮಾಸ್ತ ಖಾದರಸಾಬರು ಒಂದು ದಿನ ಹೆಂಡತಿಯ ಕೈ ಹಿಡಿದುಕೊಂಡು ಬಂದರು. ಗ್ಲುಕೋಮಾದಿಂದ ಎರಡು ವರ್ಷದ ಹಿಂದೆ ಅವರ ಕಣ್ಣು ಪೂರ್ತಿ ಹೋಗಿತ್ತು.

"ನೌಕರಿ ಹೋತೇನ್ರಿ?" ಎಂದು ಕೇಳಿದೆ.

"ಇಲ್ರಿ ಮೇಡಂ. ಪಗಾರ ಬರ್ತೈತಿ, ಕೆಲಸ ಬರವಲ್ದು."

ಕಚೇರಿಯವರೇನೂ ಕೆಟ್ಟವರಲ್ಲ. ಹೋದ ಕೂಡಲೇ ಕುರ್ಚಿ ಹಾಕುತ್ತಿದ್ದರು, ಹೊತ್ತಿಗೆ ಸರಿಯಾಗಿ ಚಹಾ ಕೊಡುತ್ತಿದ್ದರು, ಸಂಜೆ ಬಸ್ ಹತ್ತಿಸುತ್ತಿದ್ದರು. ಫೈಲ್ ಮಾತ್ರ ಕೊಡುತ್ತಿರಲಿಲ್ಲ. ಇಂಥ ಒಳ್ಳೆಯತನ ಕಂಡರೆ ನನಗೆ ಮೈ ಉರಿಯುತ್ತದೆ. ನೌಕರನನ್ನು ಬೀಗರ ಹಾಗೆ ಕೂಡಿಸಿ ಉಪಚರಿಸುವುದು ಯಾವ ಸೇವೆ?

ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಪರದೆಯ ಮೇಲಿದ್ದುದನ್ನು ಓದಿ ಹೇಳುತ್ತದೆ. ಮೌಸ್ ಬೇಡ, ಕೀಲಿಮಣೆಯಿಂದಲೇ ಎಲ್ಲ ನಡೆಯುತ್ತದೆ. ಖಾದರಸಾಬರಿಗೆ ಟೈಪಿಂಗ್ ಮೊದಲೇ ಬರುತ್ತಿತ್ತು. ತೊಡಕು ಬೇರೆ ಕಡೆ ಇತ್ತು. ಅಭ್ಯಾಸಕ್ಕೆಂದು ಅವರು ತಂದಿದ್ದ ಕಚೇರಿಯ ಹಳೆಯ ಪತ್ರಗಳು, ಯಂತ್ರ ಓದಬಲ್ಲ ಯೂನಿಕೋಡಿನಲ್ಲಿರದೆ ಬೇರೆ ಫಾಂಟಿನಲ್ಲಿದ್ದವು. ನಮ್ಮ ಕಣ್ಣಿಗೆ ಅದು ಕನ್ನಡ, ಯಂತ್ರಕ್ಕೆ ಬರೀ ಕಲಸುಮೇಲೋಗರ.

"ಇದು ಜ್ವರ ಬಂದವರಗತೆ ಬಡಬಡಸ್ತೈತಲ್ರಿ!" ಎಂದು ಅವರು ನಕ್ಕರು. ಕನ್ವರ್ಟರ್ ಹಾಕಿ ಎಲ್ಲವನ್ನೂ ಯೂನಿಕೋಡಿಗೆ ಬದಲಾಯಿಸಿದೆ.

ತರಬೇತಿ ಮುಗಿದ ಮೇಲೆ ಅವರ ಕಚೇರಿಗೆ ಹೋಗಿ, ಅಲ್ಲಿನ ಕಂಪ್ಯೂಟರಿಗೂ ಅದೇ ತಂತ್ರಾಂಶ ಹಾಕಿಸಿ ಕೆಲಸ ಕೊಡುವಂತೆ ಸಾಹೇಬರನ್ನು ಒಪ್ಪಿಸಿದೆ. ಅವರು ಹಿಂದೆಮುಂದೆ ನೋಡುತ್ತ, "ಒಂದು ಪತ್ರ ಮಾಡ್ಲಿ, ನೋಡೂಣು" ಎಂದರು. ಅದು ಸರಿಹೋಗದಿದ್ದರೆ ಮತ್ತೆ ಅದೇ ಕುರ್ಚಿ, ಅದೇ ಚಹಾ. ಖಾದರಸಾಬರು ಹಳೆಯ ಪತ್ರವೊಂದನ್ನು ತೆರೆದು, ವಿಷಯ ಬದಲಿಸಿ, ಆತುರದಲ್ಲಿ ಪ್ರಿಂಟ್ ತೆಗೆದು ಕೊಟ್ಟರು.

ಓದುತ್ತ ಹೋದ ಸಾಹೇಬರು ಕೊನೆಗೆ ಗುಡುಗಿದರು: "ಏನ್ರಿ ಖಾದರ್ ಇದು? ನಾ ಸಹಿ ಮಾಡೂ ಜಾಗಾದಾಗ ವರ್ಗಾ ಆಗಿ ಹೋದವರ ಹೆಸರು ಐತಿ! ಕೊನೀತನಾ ನೋಡಬೇಕಂತ ಗೊತ್ತಾಗೂದಿಲ್ಲೇನು?"

"ಸರ್, ಅವರಿಗೆ..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಖಾದರಸಾಬರು ಕೈ ಅಡ್ಡ ಮಾಡಿದರು.

"ತಪ್ಪಾತ್ರಿ ಸರ್. ಈಗ ತಿದ್ದಿ ಕೊಡ್ತೀನ್ರಿ."

ತಿದ್ದಿ ಕೊಟ್ಟರು. ಸಾಹೇಬರು ಸಹಿ ಹಾಕಿ, ಅದೇ ಸಿಟ್ಟಿನಲ್ಲಿ ಇನ್ನೊಂದು ಪತ್ರದ ವಿಷಯ ಹೇಳಿ, "ಇದರಾಗರ ತಪ್ಪು ಮಾಡಬ್ಯಾಡ್ರಿ" ಎಂದು ಒಳಗೆ ಹೋದರು.

ಮೇಜಿಗೆ ಮರಳಿದ ಖಾದರಸಾಬರ ಮುಖ ಅರಳಿತ್ತು. "ಎರಡು ವರ್ಷಾತ್ರಿ ಮೇಡಂ, ಇಲ್ಲಿ ಒಬ್ರೂ ನನಗ ಬೈದಿದ್ದಿಲ್ಲ. ಇವತ್ತ ಬೈದ್ರು ನೋಡ್ರಿ!"

ನನಗೆ ಅಳು ತಡೆಯಲಾಗಲಿಲ್ಲ. ಯಂತ್ರ ಕಲಿಸುವುದು ನನ್ನ ಕೆಲಸದ ಅರ್ಧ ಮಾತ್ರವೆಂದು ಅವತ್ತು ತಿಳಿಯಿತು. ಉಳಿದರ್ಧ, ನನ್ನ ವಿದ್ಯಾರ್ಥಿ ಎಲ್ಲರಂತೆ ತಪ್ಪು ಮಾಡಿ, ಎಲ್ಲರಂತೆ ಬೈಸಿಕೊಳ್ಳುವಾಗ ಬಾಯಿ ಮುಚ್ಚಿಕೊಂಡು ನಿಲ್ಲುವುದು.