ಗಲ್ಲಾದ ಮೇಲೆ ಕೂತವಳು

ನಮ್ಮ ಬಜಾರಿನಲ್ಲಿ ಮೊದಲು ತಿನ್ನುವ ಜಾಗ ಅಂತ ಇದ್ದದ್ದು ಒಂದೇ, ಬಸ್‌ಸ್ಟ್ಯಾಂಡಿನ ಕಡೆ ತಿರುಗುವ ಮೂಲೆಯ ಚಹಾದ ಹೋಟೆಲು. ಉಳಿದದ್ದೆಲ್ಲ ಜವಳಿ, ಪಾತ್ರೆ, ಬಂಗಾರ, ಕಿರಾಣಿ. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಬೆಳೆದ ಹಾಗೆ ಪರಊರಿನ ಖರೀದಿದಾರರು ಬಂದರು, ಅವರ ಹಿಂದೆಯೇ ಹೋಟೆಲುಗಳು ಬಂದವು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಎರಡು ಅಂಗಡಿ ದಾಟಿದರೆ ಒಂದು ಒಲೆ. ಸಂಜೆ ನಮ್ಮ ಜವಳಿ ಅಂಗಡಿಯ ಕಟ್ಟೆಯ ಮೇಲೆ ಕೂತ ವ್ಯಾಪಾರಸ್ಥರು, "ಬಜಾರೆಲ್ಲ ಬರೇ ತಿನ್ನೂದ ಆತಲ್ರಿ, ಇನ್ನ ಅರಿವಿ ಯಾರು ತಗೋತಾರ?" ಅಂತ ಗೊಣಗುತ್ತಿದ್ದರು. ಗೊಣಗುತ್ತಲೇ ಮೂಲೆಯ ಹೋಟೆಲಿನಿಂದ ಮಿರ್ಚಿ ತರಿಸಿ ತಿನ್ನುತ್ತಿದ್ದರು.

ನನ್ನ ಸಂಕಟ ಬೇರೆ. ಅಂಗಡಿಯ ಹಿಂದೆಯೇ ನಮ್ಮ ಮನೆ. ಮದುವೆ ಜವಳಿಗೆ ಬಂದವರಿಗೆ ಅಂಗಡಿಯವರೇ ಊಟ ಹಾಕುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಮೆಣಸಿನಕಾಯಿ ಮಾರಿ ಕೈಯಲ್ಲಿ ದುಡ್ಡು ಆಡುವ ಹೊತ್ತಿಗೇ ಮದುವೆಗಳು. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು, ಸೋದರತ್ತೆ, ಸೋದರಮಾವ ಎಲ್ಲ ಬಂದು ಬೆಳಗಿನಿಂದ ಸೀರೆ ಬಿಡಿಸುತ್ತಾ ಕೂರುವರು. ಅವರಿಗೆಲ್ಲ ರೊಟ್ಟಿ ಬಡಿಯುವವಳು ನಾನು. ಗೋಡೆಯಾಚೆಯ ಮಾತೆಲ್ಲ ಅಡುಗೆಮನೆಗೆ ಕೇಳಿಸುತ್ತಿತ್ತು. ನಮ್ಮವರು ಮದುಮಗಳ ಸೀರೆಗಿಂತ ಮೊದಲು ಬೀಗಿತ್ತಿಯ ಸೀರೆ ತೆಗೆದು ತೋರಿಸಿ, ತಾವೇ ಜಗಳ ಹಚ್ಚಿ, ತಾವೇ ಬೆವರುತ್ತಿದ್ದರು.

"ನಾ ಒಂದೀಟ ಅಂಗಡ್ಯಾಗ ಕುಂದರ್ತೇನ್ರಿ. ಹೆಣ್ಮಕ್ಕಳ ಜೋಡಿ ನಾ ಮಾತಾಡ್ತೇನಿ," ಅಂದೆ ಒಮ್ಮೆ.

"ನಮ್ಮ ಮನಿ ಹೆಣ್ಮಕ್ಕಳು ಬಜಾರದಾಗ ಕುಂದ್ರೂದಿಲ್ಲ," ಅಂದರು.

ಮುಂದಿನ ವರ್ಷ ಪಕ್ಕದ ಪಾತ್ರೆ ಅಂಗಡಿ ಮುಚ್ಚಿ, ಆ ಜಾಗಕ್ಕೆ ಖಾನಾವಳಿ ಬಂತು. ನಡೆಸುವವಳು ರಾಣೆಬೆನ್ನೂರಿನ ಹೆಣ್ಣುಮಗಳು, ನನ್ನ ವಯಸ್ಸಿನವಳೇ. ಗಂಡ ಹಾವೇರಿಯ ಯಾವುದೋ ಕಚೇರಿಯಲ್ಲಿ ಗುಮಾಸ್ತ; ಭಾನುವಾರ ಬಂದರೆ ತಾಟು ತೊಳೆಯುತ್ತಿದ್ದ. ಅವಳು ಬಾಗಿಲ ಪಕ್ಕ, ಗಲ್ಲಾಪೆಟ್ಟಿಗೆಯ ಹಿಂದೆ, ಕಾಲ ಮೇಲೆ ಕಾಲು ಹಾಕಿ ಕೂತು ಇಡೀ ಬಜಾರನ್ನು ನೋಡುತ್ತಿದ್ದಳು. ಅಲ್ಲಿನ ರೊಟ್ಟಿ ನನ್ನ ರೊಟ್ಟಿಯಷ್ಟು ತೆಳುವಲ್ಲ. ಬದನೆಕಾಯಿ ಎಣ್ಣೆಗಾಯಿಗೆ ಗುರೆಳ್ಳು ಕಡಿಮೆ. ಇದನ್ನೆಲ್ಲ ತರಿಸಿ ತಿಂದು ನೋಡಿಯೇ ಹೇಳುತ್ತಿದ್ದೇನೆ. ಆದರೂ ಮಂದಿ ಸಾಲು ಹಚ್ಚಿ ನಿಲ್ಲುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಅವಳ ಗಿರಾಕಿಗಳಿಗಲ್ಲ, ಅವಳು ಕೂತ ಜಾಗಕ್ಕೆ.

ಸಾಲದ್ದಕ್ಕೆ ನಮ್ಮವರು ಮದುವೆಯವರನ್ನೂ ಅಲ್ಲಿಗೇ ಊಟಕ್ಕೆ ಕಳಿಸತೊಡಗಿದರು. "ನಿನಗ ತ್ರಾಸ ಕಡಿಮಿ ಆತಲ್ಲ," ಅಂದರು, ದೊಡ್ಡ ಉಪಕಾರ ಮಾಡಿದವರಂತೆ. ಬಜಾರಿನಲ್ಲಿ ಕೂರುವ ಹಾಗಿಲ್ಲ, ಈಗ ಬಜಾರಿಗೆ ಬಂದವರಿಗೆ ಉಣ್ಣಿಸುವ ಹಾಗೂ ಇಲ್ಲ. ಅವಳು ಹಿತ್ತಿಲಿನಲ್ಲಿ ಎದುರಾಗಿ "ಊಟ ಆತೇನ್ರಿ ಅಕ್ಕಾರ?" ಅಂದರೆ, ನಾನು ಬಕೆಟ್ಟಿನ ಸಪ್ಪಳ ಮಾಡುತ್ತಾ ಒಳಗೆ ಹೋಗುತ್ತಿದ್ದೆ.

ಮದುವೆಗಳ ಭರಾಟೆಯಲ್ಲಿ ಒಂದು ಮಧ್ಯಾಹ್ನ ಅವಳೇ ನಮ್ಮ ಹಿತ್ತಿಲ ಬಾಗಿಲು ತಟ್ಟಿದಳು. ಮೊಣಕೈವರೆಗೂ ಹಿಟ್ಟು.

"ರೊಟ್ಟಿ ಬಡಿಯಾಕಿ ಬಂದಿಲ್ರಿ ಅಕ್ಕಾರ. ಮಂದಿ ತುಂಬೇತಿ. ಲಗೂ ಒಂದೀಟ ಬರ್ರಿ."

ಮೈಯೆಲ್ಲ ಉರಿದುಹೋಯಿತು. ನನ್ನ ಮನೆಗೆ ಬರುವವರನ್ನು ಎಳೆದುಕೊಂಡದ್ದಲ್ಲದೆ, ಈಗ ನನ್ನನ್ನೇ ರೊಟ್ಟಿ ಬಡಿಯಲು ಕರೆಯುತ್ತಾಳೆ! ಏನಾದರೂ ಅನ್ನಬೇಕು ಅನ್ನುವಷ್ಟರಲ್ಲಿ ಅವಳೇ ಅಂದಳು: "ರೊಟ್ಟಿ ನಾ ಬಡೀತೇನ್ರಿ. ನೀವು ಗಲ್ಲಾದ ಮ್ಯಾಲೆ ಕುಂದ್ರಿ."

ಹೋದೆ. ಸೆರಗು ಸರಿಮಾಡಿಕೊಂಡು ಕೂತೆ. ಅಲ್ಲಿಂದ ಬಜಾರು ಎಷ್ಟು ಅಗಲ ಕಾಣುತ್ತಿತ್ತು! ಬಂಗಾರದ ಅಂಗಡಿಯವರು ಗಿರಾಕಿ ಇಲ್ಲದಾಗ ತೂಕಡಿಸುವುದು, ಕಿರಾಣಿಯವರು ಎಮ್ಮೆ ಓಡಿಸುವುದು, ಎಲ್ಲ ನನ್ನ ಕಣ್ಣೆದುರು. ಬಂದವರಿಗೆ ಬರ್ರಿ, ಕುಂದ್ರಿ ಅಂದೆ. ಒಳಗೆ ಕೂಗಿ ಮೊಸರು ತರಿಸಿದೆ, ಚಿಲ್ಲರೆ ಕೊಟ್ಟೆ. ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ.

ಅಷ್ಟರಲ್ಲಿ ನಮ್ಮವರು ಮೋಟೆಬೆನ್ನೂರಿನ ಮದುವೆಯವರನ್ನು ಕರೆದುಕೊಂಡು ಬಂದರು. ನನ್ನನ್ನು ನೋಡಿ ಹೊಸ್ತಿಲಲ್ಲೇ ನಿಂತರು.

"ಎಷ್ಟು ಮಂದಿ ಅದೀರಿ?" ಅಂತ ಗಿರಾಕಿಯನ್ನು ಕೇಳುವ ಹಾಗೆ ಕೇಳಿದೆ. ಬಂದವರ ಎದುರು ಬೇರೆ ದಾರಿಯಿಲ್ಲದೆ ತಲೆ ಎಣಿಸಿ ಹೇಳಿದರು.

ಊಟ ಮುಗಿಸಿ ಕೈ ತೊಳೆದ ಮದುಮಗಳ ಅಜ್ಜಿ ನನ್ನ ಹತ್ತಿರ ಬಂದಳು. "ಖಾನಾವಳಿ ನಿಂದೇನವಾ? ಭಾಳ ಛಲೋ ನಡಸಾಕತ್ತೀ."

"ಹೂಂರಿ, ನಂದ," ಅಂದುಬಿಟ್ಟೆ.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಮ್ಮವರು ನೆಲ ನೋಡಿದರು. ಅವಳು ಅಡುಗೆಮನೆಯ ಬಾಗಿಲಿಗೆ ಬಂದು, ಹಿಟ್ಟಿನ ಕೈಯಿಂದಲೇ ಹಣೆಯ ಬೆವರು ಒರೆಸಿಕೊಂಡು ನಕ್ಕಳು.

"ಖರೇನ ಅಕ್ಕಾರದ ಐತಿ ಯವ್ವಾ. ನಾ ರೊಟ್ಟಿ ಬಡಿಯಾಕಿ."

ಅಷ್ಟು ಹಗುರವಾಗಿ ಹೇಳಿ ಒಳಗೆ ಹೋದಳು. ಅವಳಿಗೇನು, ಹೇಳಬಹುದು, ಖಾನಾವಳಿ ಅವಳದು. ಸಂಜೆ ನಾನು ಎದ್ದು ಮನೆಗೆ ಹೋದ ಮೇಲೂ ಅವಳದೇ. ಸ್ವಂತದ್ದು ಅಂತ ಒಂದು ಇದ್ದವಳು ಮಾತ್ರ ಅದನ್ನು ಹಾಗೆ ನಗುನಗುತ್ತಾ ಇನ್ನೊಬ್ಬಳದು ಅನ್ನಬಲ್ಲಳು. ಆವತ್ತು ನನ್ನ ಹೊಟ್ಟೆ ಉರಿದ ಹಾಗೆ ಹಿಂದೆಂದೂ ಉರಿದಿರಲಿಲ್ಲ.